ಸಮುದ್ರದ ನೀರಲ್ಲ, ಪ್ಯಾಲೆಟ್ಟಿನ ನೀರು: ಒಣ ಆಹಾರದ ಒಂದು ಕಂಟೇನರ್ ಹಾಳಾದ ಪ್ರಕರಣ

ಹಿನ್ನೆಲೆ

ಇದು ಮಧ್ಯಮ ಗಾತ್ರದ ಒಂದು ಆಹಾರ ಕಂಪನಿಯ ಪ್ರಕರಣ. ಹೆಸರು, ದೇಶ, ಬಂದರು ಯಾವುದನ್ನೂ ಇಲ್ಲಿ ಹೇಳಿಲ್ಲ. ಅವು ಗೊತ್ತಾಗದಿದ್ದರೂ ಕಲಿಯಬೇಕಾದ್ದಕ್ಕೆ ಏನೂ ಕೊರತೆಯಾಗುವುದಿಲ್ಲ.

ಕಂಪನಿ ತಯಾರಿಸುತ್ತಿದ್ದುದು ಮೂರು ಬಗೆ: ಬಿಸ್ಕತ್ತು, ಪೌಚಿನಲ್ಲಿ ಸೂಪ್ ಪುಡಿ, ಗಾಜಿನ ಬಾಟಲಿಯಲ್ಲಿ ಜಾಮ್. ಮೂರಕ್ಕೂ ಫ್ರಿಜ್ ಬೇಡ. ತಿಂಗಳುಗಟ್ಟಲೆ ಕೆಡದೆ ಇರುತ್ತವೆ. ವಿದೇಶದ ಒಬ್ಬ ವಿತರಕರಿಗೆ ಮೊದಲು ವಿಮಾನದಲ್ಲಿ ಸ್ಯಾಂಪಲ್ ಹೋಯಿತು. ಆಮೇಲೆ ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರ್ ಹಂಚಿಕೊಂಡು ಸಣ್ಣ ಸಣ್ಣ ಲಾಟುಗಳು ಹೋದವು. ಎಲ್ಲವೂ ಚೆನ್ನಾಗಿಯೇ ತಲುಪಿದವು. ಹಾಗಾಗಿ ದೊಡ್ಡ ಆರ್ಡರ್ ಬಂದಾಗ, ಪೂರ್ತಿ 20 ಅಡಿಯ ಕಂಟೇನರ್ ತುಂಬಲು ಯಾರೂ ಹಿಂದೆಮುಂದೆ ನೋಡಲಿಲ್ಲ. ಒಣ ಪದಾರ್ಥ, ಒಣ ಕಂಟೇನರ್, ಇದರಲ್ಲಿ ಯೋಚನೆ ಮಾಡೋದೇನಿದೆ ಅನ್ನೋದು ಎಲ್ಲರ ಭಾವನೆ.

ಸರಕು ತುಂಬಿದ್ದು ಮಳೆಗಾಲದಲ್ಲಿ. ಗೋದಾಮಿನಲ್ಲಿ ಜಾಗ ಸಾಲದೆ ಮರದ ಪ್ಯಾಲೆಟ್‌ಗಳನ್ನು, ಅಂದರೆ ಡಬ್ಬ ಪೇರಿಸುವ ಹಲಗೆಯ ಚೌಕಟ್ಟುಗಳನ್ನು, ಹೊರಗೆ ಪೇರಿಸಿಟ್ಟಿದ್ದರು. ಅವುಗಳ ಮೇಲೆ ಐಎಸ್‌ಪಿಎಂ 15 ಎಂಬ, ಮರದ ಪ್ಯಾಕಿಂಗಿಗಿರುವ ಅಂತರರಾಷ್ಟ್ರೀಯ ನಿಯಮದ ಮುದ್ರೆ ಇತ್ತು. ಹಾಗಾಗಿ ಮರದ ಬಗ್ಗೆ ಪ್ರಶ್ನೆಯೇ ಏಳಲಿಲ್ಲ. ಈ ತಪ್ಪು ತಿಳಿವಳಿಕೆ ತುಂಬಾ ಕಡೆ ಇದೆ. ಆ ಮುದ್ರೆ ಬೀಳುವುದು ಮರದೊಳಗಿನ ಹುಳ ಸಾಯಲೆಂದು ಮಾಡುವ ಉಪಚಾರಕ್ಕೆ. ಸಾಮಾನ್ಯವಾಗಿ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ಗೆ ಬಂದು 30 ನಿಮಿಷ ಹಾಗೇ ಇರಬೇಕು. ಮರ ಒಣಗಿದೆ ಎಂದು ಆ ಮುದ್ರೆ ಎಲ್ಲೂ ಹೇಳುವುದಿಲ್ಲ. ಒಣಗಿದ್ದರೂ, ಆಮೇಲೆ ಮಳೆಯಲ್ಲಿ ನೆನೆದರೆ ಮುದ್ರೆ ಏನು ಮಾಡೀತು?

ಕಂಟೇನರಿನ ಪಕ್ಕದ ಗೋಡೆಗಳಿಗೆ ತೇವ ಹೀರುವ ಡೆಸಿಕೆಂಟ್ ಚೀಲಗಳನ್ನು ತೂಗುಹಾಕಿದ್ದರು. ಎಷ್ಟು ಬೇಕು ಎಂಬ ಲೆಕ್ಕ ಹಾಕಿದವರಿಲ್ಲ. ಸಾಗಣೆಯ ಏರ್ಪಾಟು ಮಾಡುವ ಫಾರ್ವರ್ಡರ್ ಕಳಿಸಿದಷ್ಟನ್ನು ಹಾಕಿದರು, ಬಾಗಿಲಿಗೆ ಸೀಲ್ ಬಿತ್ತು.

ಬಾಗಿಲು ತೆಗೆದಾಗ

ನಡುದಾರಿಯಲ್ಲಿ ಒಂದು ಬಂದರಿನಲ್ಲಿ ಹಡಗು ಬದಲಾಗಬೇಕಿತ್ತು. ಮುಂದಿನ ಹಡಗು ತಪ್ಪಿತು, ಪೆಟ್ಟಿಗೆ ಯಾರ್ಡಿನಲ್ಲೇ ಕಾಯಿತು. ತಲುಪಬೇಕಾದ ಬಂದರು ಸೇರಿದ ಮೇಲೂ ಕಸ್ಟಮ್ಸ್‌ನಲ್ಲಿ ನಿಂತಿತು. ಸೂಪ್ ಪುಡಿಯ ಲೇಬಲ್ಲಿನಲ್ಲಿ ಹಾಲಿನ ಪುಡಿ ಎಂದಿತ್ತು. ಜೊತೆಗಿದ್ದ ಪ್ರಮಾಣಪತ್ರದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಪ್ರಾಣಿಮೂಲದ ಪದಾರ್ಥ ಸ್ವಲ್ಪವೇ ಇದ್ದರೂ ಹಲವು ದೇಶಗಳಲ್ಲಿ ಅದಕ್ಕೆ ಬೇರೆಯದೇ ಕಾಗದ ಬೇಕು. ಅದು ಬಂದು ಸೇರುವ ತನಕ ಕಂಟೇನರ್ ಬಿಸಿಲಲ್ಲೇ ನಿಂತಿತ್ತು. ಆಗ ಇದನ್ನು ಬರೀ ಕಾಗದದ ಕಿರಿಕಿರಿ ಎಂದುಕೊಂಡರು. ತೇವಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯಲಿಲ್ಲ.

ಬಾಗಿಲು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಮುಗ್ಗಲು ವಾಸನೆ. ಚಾವಣಿಯ ತಗಡಿನಲ್ಲಿ ಸಾಲಾಗಿ ಹನಿಗಳು. ಮೇಲಿನ ಸಾಲಿನ ರಟ್ಟಿನ ಡಬ್ಬಗಳು ನೆನೆದು ಮೆತ್ತಗಾಗಿದ್ದವು. ಅಲ್ಲಲ್ಲಿ ಬೂಷ್ಟು ಹಿಡಿದಿತ್ತು. ಪಕ್ಕದ ಗೋಡೆಗೆ ತಾಗಿದ್ದ ಕೆಲವು ಡಬ್ಬಗಳ ಮೇಲೆ ನೀರು ಇಳಿದ ಗೆರೆಗಳು. ಜಾಮ್ ಬಾಟಲಿಗಳ ಲೇಬಲ್ ಸುಕ್ಕುಗಟ್ಟಿ ಎದ್ದಿತ್ತು, ಮುಚ್ಚಳದ ಅಂಚಿನಲ್ಲಿ ತುಕ್ಕಿನ ಚುಕ್ಕಿ. ಕೆಳಗಿನ ಸಾಲಿನ ಡಬ್ಬಗಳು ಭಾರ ತಾಳದೆ ಕುಸಿದಿದ್ದವು.

ಒಳಗಿದ್ದ ತಿನಿಸು ಮಾತ್ರ ಬಹುಪಾಲು ಚೆನ್ನಾಗಿತ್ತು. ಬಿಸ್ಕತ್ತು, ಸೂಪ್ ಪುಡಿಯಂಥವುಗಳ ವಾಟರ್ ಆಕ್ಟಿವಿಟಿ (ಸೂಕ್ಷ್ಮಜೀವಿಗಳಿಗೆ ಸಿಗುವ ನೀರಿನ ಅಳತೆ, ಶುದ್ಧ ನೀರಿಗೆ 1) 0.6ಕ್ಕಿಂತ ಎಷ್ಟೋ ಕೆಳಗಿರುತ್ತದೆ. ಅಷ್ಟು ಒಣಗಿದ್ದರಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಯಾವುದೂ ಬೆಳೆಯದು. ಪೊಟ್ಟಣ ಗಾಳಿಯಾಡದಂತೆ ಇರುವವರೆಗೆ ಹೊರಗಿನ ತೇವ ಅದನ್ನು ಮುಟ್ಟುವುದಿಲ್ಲ. ಸೀಲು ಸರಿಯಾಗಿ ಕೂರದ ಕೆಲವು ಪೌಚುಗಳಲ್ಲಷ್ಟೇ ಪುಡಿ ಗಟ್ಟಿ ಕಟ್ಟಿತ್ತು. ಆದರೆ ಅಂಗಡಿಯ ಶೆಲ್ಫಿನ ಮೇಲೆ ಕಾಣುವುದು ಲೇಬಲ್ಲು, ಮುಚ್ಚಳ, ಡಬ್ಬ. ವಿತರಕರು ಇಡೀ ಸರಕನ್ನೇ ಬೇಡ ಎಂದರು. ಅವರ ಜಾಗದಲ್ಲಿ ಯಾರಿದ್ದರೂ ಅಷ್ಟೇ ಹೇಳುತ್ತಿದ್ದರು.

ನೀರು ಎಲ್ಲಿಂದ ಬಂತು?

ಎಲ್ಲರ ಬೆರಳೂ ಮೊದಲು ಹೋದದ್ದು ಹಡಗಿನ ಕಡೆಗೆ. ಕಂಟೇನರಿನಲ್ಲಿ ತೂತು ಇರಬೇಕು, ಸಮುದ್ರದ ನೀರು ನುಗ್ಗಿದೆ, ಹಡಗು ಕಂಪನಿಯೇ ನಷ್ಟ ತುಂಬಿಕೊಡಬೇಕು. ಕೇಳೋಕೆ ಸರಿ ಎನಿಸುವ ಮಾತು. ವಿತರಕರು ಒಳ್ಳೆಯ ಕೆಲಸ ಮಾಡಿದರು: ಸರಕು ಇಳಿಸುವ ಮೊದಲೇ ಹಾನಿ ಪರಿಶೀಲಿಸುವ ಸರ್ವೇಯರನ್ನು ಕರೆಸಿದರು, ಫೋಟೋ ತೆಗೆದರು, ಹಡಗು ಕಂಪನಿಗೆ ಬರಹದಲ್ಲಿ ನೋಟಿಸ್ ಕಳಿಸಿದರು. ಹೊರಗೆ ಕಾಣದ ಹಾನಿಗೆ, ಸಮುದ್ರ ಸಾಗಣೆಯ ಹೊಣೆ ಹೇಳುವ ಅಂತರರಾಷ್ಟ್ರೀಯ ಹೇಗ್-ವಿಸ್ಬಿ ನಿಯಮಗಳಲ್ಲಿ ಡೆಲಿವರಿಯಾದ ಮೂರು ದಿನದೊಳಗೆ ನೋಟಿಸ್ ಕೊಡಬೇಕು. ದಾವೆ ಹೂಡಲು ಒಂದು ವರ್ಷ. ನೋಟಿಸ್ ತಡವಾದರೆ ಹಕ್ಕು ಪೂರ್ತಿ ಹೋಗುವುದಿಲ್ಲ. ಆದರೆ ಸರಕು ಸರಿಯಾಗಿಯೇ ತಲುಪಿತ್ತು ಎಂದು ಲೆಕ್ಕವಾಗುತ್ತದೆ, ಅಲ್ಲ ಎಂದು ತೋರಿಸುವ ಹೊರೆ ಕೇಳುವವರ ಮೇಲೆ ಬೀಳುತ್ತದೆ.

ಸರ್ವೇಯರ್ ಮಾಡಿದ ಮೊದಲ ಪರೀಕ್ಷೆ ತೀರಾ ಸರಳ. ಖಾಲಿ ಕಂಟೇನರಿನೊಳಗೆ ನಿಂತು, ಬಾಗಿಲು ಮುಚ್ಚಿಸಿ, ಎಲ್ಲಾದರೂ ಬೆಳಕಿನ ಚುಕ್ಕಿ ಕಾಣುತ್ತದಾ ಎಂದು ನೋಡುವುದು. ಎಲ್ಲೂ ಕಾಣಲಿಲ್ಲ. ಬಾಗಿಲಿನ ರಬ್ಬರೂ ಸರಿಯಿತ್ತು.

ಎರಡನೆಯದು ಸಿಲ್ವರ್ ನೈಟ್ರೇಟ್ ಪರೀಕ್ಷೆ. ಕಲೆಯ ಮೇಲೆ ಈ ದ್ರಾವಣದ ಹನಿ ಬಿಟ್ಟಾಗ ಹಾಲಿನಂತೆ ಬಿಳಿ ಆದರೆ ಅಲ್ಲಿ ಕ್ಲೋರೈಡ್ ಇದೆ ಎಂದರ್ಥ. ಸಮುದ್ರದ ನೀರಿನಲ್ಲಿ ಅದು ಧಾರಾಳ. ಚಾವಣಿಯ ಕೆಳಗಿನ ಡಬ್ಬಗಳಲ್ಲಿ ಬಿಳಿ ಬರಲಿಲ್ಲ. ಅಂದರೆ ಅದು ಸಿಹಿನೀರು. ಪಕ್ಕದ ಗೋಡೆಯ ಡಬ್ಬಗಳಲ್ಲಿ ಮಾತ್ರ ಅಚ್ಚ ಬಿಳಿ ಬಂತು.

ಕಂಪನಿಯವರಿಗೆ ಹೋದ ಜೀವ ಬಂದಂತಾಯಿತು. ಪಕ್ಕದಿಂದ ಉಪ್ಪುನೀರು ಬಂದಿದೆ ಅನ್ನೋದಕ್ಕೆ ಸಾಕ್ಷಿ ಸಿಕ್ಕಿತಲ್ಲ! ವಕೀಲರ ಜೊತೆ ಮಾತೂ ಶುರುವಾಯಿತು. ಆದರೆ ಆ ಕಲೆಗಳು ಎಲ್ಲೆಲ್ಲಿವೆ ಎಂದು ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದಾಗ ಲೆಕ್ಕ ಬೇರೆಯೇ ಆಯಿತು. ಒಂದೊಂದು ಗೆರೆಯೂ ಒಂದೊಂದು ಡೆಸಿಕೆಂಟ್ ಚೀಲದ ನೇರ ಕೆಳಗಿತ್ತು. ಆ ಚೀಲಗಳಲ್ಲಿದ್ದುದು ಕ್ಯಾಲ್ಸಿಯಂ ಕ್ಲೋರೈಡ್. ಅದು ಗಾಳಿಯ ತೇವವನ್ನು ಹೀರಿ ಹೀರಿ ತಾನೇ ನೀರಾಗುತ್ತದೆ. ಚೀಲ ತುಂಬಿ ಸೋರಿದರೆ ಬೀಳುವುದು ಗಟ್ಟಿ ಉಪ್ಪುನೀರು, ಅದರಲ್ಲೂ ಕ್ಲೋರೈಡ್ ಭರ್ತಿ. ಪ್ರಯೋಗಾಲಯಕ್ಕೆ ಕಳಿಸಿದಾಗ ಅನುಮಾನ ನಿಜವಾಯಿತು. ಸಮುದ್ರದ ನೀರಾಗಿದ್ದರೆ ಸೋಡಿಯಂ ಮುಂದಿರಬೇಕಿತ್ತು, ಇಲ್ಲಿ ಮುಂದಿದ್ದುದು ಕ್ಯಾಲ್ಸಿಯಂ.

ಈ ಪ್ರಕರಣದ ದೊಡ್ಡ ತಿರುವು ಇದೇ. ಹಡಗು ಕಂಪನಿಯ ಮೇಲಿನ ದೂರು ಅಲ್ಲಿಗೇ ಮುಗಿಯಿತು. ಮೊದಲ ಬಿಳಿ ಹನಿಯನ್ನೇ ನಂಬಿ ಕೋರ್ಟಿಗೆ ಹೋಗಿದ್ದರೆ ವಕೀಲರ ಖರ್ಚೂ ನಷ್ಟದ ಪಟ್ಟಿಗೆ ಸೇರುತ್ತಿತ್ತು.

ಹಾಗಾದರೆ ಚಾವಣಿಯಿಂದ ತೊಟ್ಟಿಕ್ಕಿದ ಸಿಹಿನೀರು? ಅದು ಪ್ಯಾಲೆಟ್, ರಟ್ಟು, ನೆಲದ ಹಲಗೆಗಳಲ್ಲಿ ಕೂತು ಸರಕಿನ ಜೊತೆಗೇ ಒಳಗೆ ಹೋದ ನೀರು. ಲೆಕ್ಕ ಹೀಗಿದೆ. 20 ಅಡಿಯ ಕಂಟೇನರಿನ ಒಳಗಿನ ಅಳತೆ ಸುಮಾರು 33 ಘನ ಮೀಟರ್. 30 ಡಿಗ್ರಿಯಲ್ಲಿ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 30 ಗ್ರಾಂ ನೀರು ಹಿಡಿಯುತ್ತದೆ. ಇಡೀ ಪೆಟ್ಟಿಗೆಯ ಗಾಳಿಯಲ್ಲಿ ಎಷ್ಟೇ ತೇವ ಇದ್ದರೂ ಒಂದು ಲೀಟರ್ ಅಷ್ಟೇ. ನೆನೆದ ಮರದ ಪ್ಯಾಲೆಟ್ ಒಂದೊಂದೂ ಸುಮಾರು 20 ಕೆಜಿ. ನೆನೆದ ಪ್ಯಾಲೆಟ್‌ನಲ್ಲಿ ಒಣ ಮರದ ತೂಕದ ಶೇ 25ರಷ್ಟು ತೇವ ಇರುವುದೇನೂ ಅಪರೂಪವಲ್ಲ. ಅಂದರೆ ಒಣ ಮರ 16 ಕೆಜಿ, ನೀರು ಪ್ಯಾಲೆಟ್ಟಿಗೆ ನಾಲ್ಕು ಲೀಟರ್. ಹತ್ತು ಪ್ಯಾಲೆಟ್ಟಿಗೆ ನಲವತ್ತು. ಅದರಲ್ಲಿ ಕಾಲು ಭಾಗ ಹೊರಬಂದರೂ ಹತ್ತು ಲೀಟರ್ ಆಯಿತು. ರಟ್ಟಿನ ಡಬ್ಬಗಳು, ಕಂಟೇನರಿನ ನೆಲಕ್ಕೆ ಹಾಸಿದ ಪ್ಲೈವುಡ್ಡು, ಇವುಗಳ ಪಾಲು ಬೇರೆ.

ಹಗಲು ತಗಡು ಕಾಯುತ್ತದೆ, ಮರ ಮತ್ತು ರಟ್ಟು ತೇವ ಬಿಡುತ್ತವೆ. ರಾತ್ರಿ ತಗಡು ಮೊದಲು ತಣ್ಣಗಾಗುತ್ತದೆ, ಆ ತೇವ ಚಾವಣಿಯಲ್ಲಿ ಹನಿಗಟ್ಟಿ ಕೆಳಗೆ ಬೀಳುತ್ತದೆ. ಬೆಳಗಾದರೆ ಮತ್ತದೇ. ಸಾಗಣೆಯವರು ಇದನ್ನು ಕಂಟೇನರ್ ಮಳೆ ಅಂತಲೇ ಕರೆಯುತ್ತಾರೆ. ಪೆಟ್ಟಿಗೆಯ ಗೋಡೆಯಲ್ಲಿ ಗಾಳಿಗಂಡಿ ಇರುತ್ತವೆ ನಿಜ, ಆದರೆ ಈ ತೇವ ಹೊರಹೋಗುವಷ್ಟು ಗಾಳಿ ಅವುಗಳಲ್ಲಿ ಆಡುವುದಿಲ್ಲ.

ಕೆಳಗಿನ ಸಾಲು ಕುಸಿದದ್ದಕ್ಕೂ ಇದೇ ಕಾರಣ. ಗಾಳಿಯ ತೇವ ಶೇ 50 ಇರುವಾಗ ರಟ್ಟಿನ ಡಬ್ಬ ಹೊರುವ ಭಾರಕ್ಕೆ ಹೋಲಿಸಿದರೆ, ಶೇ 90ರಲ್ಲಿ ಅದು ಹೊರುವುದು ಹೆಚ್ಚುಕಡಿಮೆ ಅರ್ಧ. ಅದರ ಮೇಲೆ ಡಬ್ಬಗಳನ್ನು ಇಟ್ಟಿಗೆ ಕಟ್ಟಿದಂತೆ ಒಂದರ ಸಂದಿಗೆ ಒಂದು ಪೇರಿಸಿದ್ದರು. ಡಬ್ಬದ ಬಲ ಇರುವುದು ಅದರ ನಾಲ್ಕು ಮೂಲೆಗಳಲ್ಲಿ. ಮೂಲೆಯ ಮೇಲೆ ಮೂಲೆ ಕೂರದಿದ್ದರೆ ಆ ಬಲವೂ ಹೋಯಿತು.

ವಿಮೆ ಇತ್ತಲ್ಲ?

ಇತ್ತು. ಮಾರಾಟ ನಡೆದದ್ದು ಸಿಐಎಫ್ ಷರತ್ತಿನಲ್ಲಿ, ಅಂದರೆ ಸರಕಿನ ಬೆಲೆಯಲ್ಲೇ ವಿಮೆ, ಹಡಗಿನ ಬಾಡಿಗೆ ಸೇರಿರುತ್ತದೆ. ವಿಮೆ ಮಾಡಿಸುವುದು ಮಾರುವವರ ಕೆಲಸ. ಕಂಪನಿ ಕಡಿಮೆ ಪ್ರೀಮಿಯಂ ನೋಡಿ ನಿಯಮಕ್ಕೆ ಬೇಕಾದ ಕನಿಷ್ಠದ್ದನ್ನು ತೆಗೆದುಕೊಂಡಿತ್ತು. ಅಂತರರಾಷ್ಟ್ರೀಯ ಮಾರಾಟದ ಷರತ್ತುಗಳ ಪಟ್ಟಿಯಾದ ಇನ್‌ಕೋಟರ್ಮ್ಸ್ 2020ರ ಪ್ರಕಾರ ಸಿಐಎಫ್‌ಗೆ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಎಂಬ ಸರಕು ವಿಮೆ ಷರತ್ತುಗಳಲ್ಲಿ 'ಸಿ' ಸಾಕು. ಅದರಲ್ಲಿ ಬರುವುದು ಬೆಂಕಿ, ಹಡಗು ಮುಳುಗುವುದು, ಡಿಕ್ಕಿ, ಇಂಥ ದೊಡ್ಡ ಅವಘಡಗಳು. ಒಳಗೇ ಹನಿಗಟ್ಟಿದ ನೀರು ಆ ಪಟ್ಟಿಯಲ್ಲಿಲ್ಲ. ಅದೇ ಇನ್‌ಕೋಟರ್ಮ್ಸ್‌ನಲ್ಲಿ ಸಿಐಪಿ (ಸಾಗಣೆ, ವಿಮೆ ಎರಡರ ಖರ್ಚೂ ಮಾರುವವರದ್ದೇ ಆದ ಇನ್ನೊಂದು ಷರತ್ತು) ಆರಿಸಿದ್ದರೆ 'ಎ' ಷರತ್ತಿನ ವಿಶಾಲ ವಿಮೆ ಕಡ್ಡಾಯ. ಕಂಟೇನರಿನಲ್ಲಿ ಹೋಗುವ ಸರಕಿಗೆ ಹೊಂದುವುದೂ ಅದೇ. 'ಎ' ಇದ್ದಿದ್ದರೂ ದುಡ್ಡು ಬಂದೇ ಬರುತ್ತಿತ್ತು ಅಂತ ನಾನು ಹೇಳುವುದಿಲ್ಲ. ಪ್ಯಾಕಿಂಗ್ ಸಾಲದ್ದರಿಂದ ಆದ ಹಾನಿ, ಸರಕಿನ ಸ್ವಭಾವದಿಂದಲೇ ಆದ ಹಾನಿ, ಬರೀ ವಿಳಂಬದಿಂದ ಆದ ಹಾನಿ, ಈ ಮೂರನ್ನೂ ಅದು ಹೊರಗಿಡುತ್ತದೆ. ಒದ್ದೆ ಪ್ಯಾಲೆಟ್ ಎಂದರೆ ಪ್ಯಾಕಿಂಗ್ ಸಾಲದ್ದೇ ಅಲ್ವಾ ಎಂದು ವಿಮೆಯವರು ವಾದಿಸದೆ ಬಿಡುತ್ತಿರಲಿಲ್ಲ.

ಕಾಗದದ ಪ್ರಕಾರ ಹೋದರೆ ಸಿಐಎಫ್‌ನಲ್ಲಿ ಸರಕು ಹಡಗು ಹತ್ತಿದ ಮೇಲೆ ಅಪಾಯವೆಲ್ಲ ಕೊಳ್ಳುವವರದು. ಕಂಪನಿಯ ಒಳಗೆ ಕೆಲವರು ಇದನ್ನೇ ಹಿಡಿದು, ದುಡ್ಡು ಪೂರ್ತಿ ವಸೂಲಿ ಮಾಡಿ ಎಂದರು. ನೀರು ಒಳಗೆ ಹೋದದ್ದು ಸರಕು ತುಂಬುವಾಗಲೇ ಎಂದು ಗೊತ್ತಾದ ಮೇಲೆ ಆ ವಾದಕ್ಕೆ ಕಾಲಿರಲಿಲ್ಲ. ಮಾಲೀಕರು ಬೇಗ ಒಪ್ಪಿಕೊಂಡು ನಷ್ಟದ ದೊಡ್ಡ ಪಾಲನ್ನು ತಾವೇ ಹೊತ್ತರು. ಮುಂದಿನದೆಲ್ಲ ಸಾಧ್ಯವಾದದ್ದು ಆ ಒಂದು ತೀರ್ಮಾನದಿಂದ. ವಿತರಕರು ಬಿಟ್ಟುಹೋಗಲಿಲ್ಲ.

ಸರಕಿನ ಗತಿ

ವಾಪಸ್ ತರಿಸುವ ಯೋಚನೆ ಒಂದು ಇಮೇಲ್‌ನಷ್ಟು ಹೊತ್ತು ಉಳಿಯಿತು. ಮತ್ತೆ ಸಾಗಣೆ ಖರ್ಚು, ಮತ್ತೆ ಕಸ್ಟಮ್ಸ್, ಬರುವಷ್ಟರಲ್ಲಿ ಬಾಳಿಕೆಯ ಅವಧಿಯೂ ಕರಗಿರುತ್ತದೆ. ಹಾಗಾಗಿ ಅಲ್ಲೇ ಬೇರ್ಪಡಿಸಿದರು. ಬೂಷ್ಟು ಹಿಡಿದ ಡಬ್ಬಗಳನ್ನು ಬೇರೆ ಕೋಣೆಗೆ ಒಯ್ದು ಬಿಚ್ಚಿದರು. ಅವನ್ನು ಉಳಿದವುಗಳ ನಡುವೆ ಬಿಚ್ಚಿದರೆ ಬೀಜಕಣ ಎಲ್ಲ ಕಡೆ ಹಾರುತ್ತದೆ. ಬಿಸ್ಕತ್ತಿನ ಒಳಪೊಟ್ಟಣಗಳನ್ನು ಒರೆಸಿ, ಸೀಲು ಪರೀಕ್ಷಿಸಿ, ಹೊಸ ಡಬ್ಬಕ್ಕೆ ಹಾಕಿದರು. ಸೂಪ್ ಪೌಚುಗಳನ್ನು ಒತ್ತಿ ನೋಡಿ, ಅನುಮಾನ ಬಂದ ಲಾಟನ್ನು ಪೂರ್ತಿ ತೆಗೆದರು. ತುಕ್ಕು ಮುಚ್ಚಳದ ಜಾಮನ್ನು ಕಸ್ಟಮ್ಸ್ ಎದುರಿನಲ್ಲೇ ನಾಶಮಾಡಿದರು. ತುಕ್ಕು ಬರೀ ಮೇಲಿನದ್ದು, ಒರೆಸಿ ಮಾರೋಣ ಎಂಬ ಮಾತೂ ಬಂದಿತ್ತು. ತುಕ್ಕು ಇದ್ದುದು ಮುಚ್ಚಳ ಗಾಜನ್ನು ಕಚ್ಚುವ ಜಾಗದಲ್ಲೇ. ಆ ಬಾಟಲಿಯ ಹಿಡಿತ ಇನ್ನೂ ಗಟ್ಟಿಯಿದೆ ಎಂದು ಸಹಿ ಹಾಕಲು ಯಾರೂ ತಯಾರಿರಲಿಲ್ಲ.

ಎರಡನೇ ಕಂಟೇನರಿಗೆ ಮುಂಚೆ

ಸಭೆಯಲ್ಲಿ ಮೊದಲು ಬಂದ ಸಲಹೆ: ಡೆಸಿಕೆಂಟ್ ಚೀಲ ಜಾಸ್ತಿ ಹಾಕೋಣ. ಎರಡನೆಯದು: ರೀಫರ್, ಅಂದರೆ ತಂಪು ಕಂಟೇನರ್ ತೆಗೆದುಕೊಳ್ಳೋಣ. ಎರಡೂ ದುಡ್ಡು ಕೊಟ್ಟು ತಲೆನೋವು ಕಳೆದುಕೊಳ್ಳುವ ದಾರಿಗಳು. ನೀರನ್ನು ಒಳಗೆ ಬಿಟ್ಟು ಆಮೇಲೆ ಹೀರಿಸುವುದಕ್ಕಿಂತ ಬಿಡದೇ ಇರುವುದು ಅಗ್ಗ. ರೀಫರಿನ ಸಮಸ್ಯೆ ಬೇರೆ ಥರದ್ದು. ಅದರಿಂದ ಹೊರಬಂದ ತಣ್ಣನೆ ಡಬ್ಬಕ್ಕೆ ಬಂದರಿನ ಬಿಸಿ, ತೇವದ ಗಾಳಿ ತಾಗಿದರೆ ಸರಕಿನ ಮೇಲೇ ಹನಿಗಟ್ಟುತ್ತದೆ. ಚಾಕೊಲೇಟ್ ಲೇಪದ ಒಂದು ಬಿಸ್ಕತ್ತಿಗೆ ಮಾತ್ರ ರೀಫರ್ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಅದನ್ನು ಈ ಆರ್ಡರಿನಿಂದಲೇ ಕೈಬಿಟ್ಟರು.

ಕೊನೆಗೆ ಮಾಡಿದ ಬದಲಾವಣೆಗಳು ನೋಡಲು ಸಪ್ಪೆ. ತೇವ ಅಳೆಯುವ ಒಂದು ಸಣ್ಣ ಮೀಟರ್ ಕೊಂಡರು. ಪ್ಯಾಲೆಟ್‌ನ ಮರದಲ್ಲಿ ಶೇ 18ಕ್ಕಿಂತ ಜಾಸ್ತಿ ತೋರಿಸಿದರೆ ಅದು ಪಕ್ಕಕ್ಕೆ. ಪ್ಯಾಲೆಟ್, ಖಾಲಿ ರಟ್ಟು ಎರಡೂ ಒಳಗೆ ಬಂದವು. ಕಂಟೇನರಿನ ನೆಲಕ್ಕೂ ಅದೇ ಮೀಟರ್ ಚುಚ್ಚಿ ನೋಡತೊಡಗಿದರು. ಡಿಪೋದಲ್ಲಿ ತೊಳೆದು ಹಸಿಹಸಿಯಾಗಿ ಕಳಿಸಿದ ಪೆಟ್ಟಿಗೆ ಕಣ್ಣಿಗೆ ಶುಚಿಯಾಗಿ ಕಾಣುತ್ತದೆ, ಪ್ಲೈವುಡ್ಡಿನೊಳಗೆ ನೀರು ಹಾಗೇ ಇರುತ್ತದೆ. ಹಾಗೆ ಬಂದ ಒಂದನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. ಫಾರ್ವರ್ಡರ್ ಗೊಣಗಿದರು, ಆದರೆ ಬೇರೆ ಪೆಟ್ಟಿಗೆ ಬಂತು.

ಡಬ್ಬಗಳನ್ನು ಮೂಲೆಗೆ ಮೂಲೆ ಕೂರುವಂತೆ ನೇರ ಕಂಬದ ಹಾಗೆ ಪೇರಿಸಿದರು. ಅಲುಗದಂತೆ ಮೇಲಿನ ಒಂದು ಸಾಲನ್ನು ಮಾತ್ರ ಅಡ್ಡ ಹಾಕಿದರು. ಮೇಲೆ ಹನಿ ಹೀರುವ ಒಂದು ಹಾಳೆ. ಡೆಸಿಕೆಂಟ್ ಈ ಸಲವೂ ಇತ್ತು, ಆದರೆ ನೀರನ್ನು ಜೆಲ್ಲಿಯಂತೆ ಗಟ್ಟಿ ಮಾಡಿಕೊಳ್ಳುವ ಬಗೆಯದು, ಸರಕಿನಿಂದ ದೂರ ತೂಗುಹಾಕಿದ್ದು. ಜೊತೆಗೆ ದಾರಿಯುದ್ದಕ್ಕೂ ಬಿಸಿಯನ್ನು ದಾಖಲಿಸುವ ಎರಡು ಡೇಟಾ ಲಾಗರ್: ಒಂದು ಬಾಗಿಲ ಬಳಿ ಚಾವಣಿಗೆ, ಇನ್ನೊಂದು ಸರಕಿನ ನಟ್ಟನಡುವೆ.

ಲಾಗರ್ ಹೇಳಿದ್ದು

ಎರಡನೇ ಕಂಟೇನರ್ ಒಣಗಿಯೇ ತಲುಪಿತು. ಆದರೆ ಲಾಗರಿನ ಗೆರೆಗಳಿಂದ ಯಾರೂ ಕೇಳದೆ ಇದ್ದ ಪ್ರಶ್ನೆಗೂ ಉತ್ತರ ಸಿಕ್ಕಿತು. ಹಡಗು ಸಮುದ್ರದಲ್ಲಿದ್ದಾಗ ಎರಡೂ ಗೆರೆ ಹೆಚ್ಚುಕಡಿಮೆ ಶಾಂತ. ಹಡಗು ಬದಲಾಗುವ ಯಾರ್ಡಿನಲ್ಲಿ ನಿಂತಾಗ ಚಾವಣಿಯ ಗೆರೆ ದಿನವೂ ಮೇಲೇರಿ ರಾತ್ರಿ ದಬಕ್ಕನೆ ಇಳಿದಿತ್ತು. ಕೊನೆಯ ಬಂದರಿನಲ್ಲೂ ಅದೇ. ನಡುವಿನ ಲಾಗರ್ ನಿಧಾನವಾಗಿ ಬಿಸಿಯಾಗಿ, ನಿಧಾನವಾಗಿಯೇ ಆರಿತ್ತು.

ಅಂದರೆ ಸರಕಿಗೆ ಕಷ್ಟ ಕೊಟ್ಟದ್ದು ಪೆಟ್ಟಿಗೆ ನೆಲದ ಮೇಲೆ ಬಿಸಿಲಲ್ಲಿ ನಿಂತ ದಿನಗಳು. ಅಲ್ಲಿಗೆ ಹಾಲಿನ ಪುಡಿಯ ಕಾಗದದ ವಿಷಯ ಮತ್ತೆ ಮೇಜಿನ ಮೇಲೆ ಬಂತು. ಒಂದು ಪ್ರಮಾಣಪತ್ರ ತಡವಾದರೆ ಬಂದರಿನ ಬಾಡಿಗೆ ಏರುವುದಷ್ಟೇ ಅಲ್ಲ, ಪೆಟ್ಟಿಗೆಯೊಳಗೆ ಬಿಸಿ-ತಂಪಿನ ಸುತ್ತುಗಳೂ ಏರುತ್ತವೆ. ಕೆಡುವ ರಾಸಾಯನಿಕ ಕ್ರಿಯೆಗಳು ಪ್ರತಿ 10 ಡಿಗ್ರಿ ಹೆಚ್ಚಿದಾಗ ಸ್ಥೂಲವಾಗಿ ಎರಡರಿಂದ ಮೂರು ಪಟ್ಟು ವೇಗವಾಗುತ್ತವೆ. ಬಿಸ್ಕತ್ತಿನ ಎಣ್ಣೆಯಂಶ ಕಮಟುವುದೂ ಹಾಗೆಯೇ. ಡಬ್ಬದ ಮೇಲಿನ ದಿನಾಂಕ ಮಾಮೂಲಿ ಕೋಣೆಯ ಬಿಸಿಗೆ ಲೆಕ್ಕ ಹಾಕಿದ್ದು. ತಗಡಿನ ಕೆಳಗಿನ ಮೇಲ್ಸಾಲಿಗೆ ಆ ದಿನಾಂಕ ಸ್ವಲ್ಪ ಸುಳ್ಳೇ. ಗೆರೆಗಳನ್ನು ನೋಡಿದ ಮೇಲೆ ಬಿಸ್ಕತ್ತನ್ನು ಪೆಟ್ಟಿಗೆಯ ನಡುವೆ, ಕೆಳಗೆ ತುಂಬಿ, ಮೇಲೆ ಸೂಪ್ ಪುಡಿ ಇಡತೊಡಗಿದರು. ಜಾಮ್ ಭಾರ, ಅದು ಯಾವಾಗಲೂ ತಳಕ್ಕೇ.

ಮೂರನೇ ಸಲಕ್ಕೆ ದುಬಾರಿಯಾದರೂ ಹಡಗು ಬದಲಿಸದೆ ನೇರ ಹೋಗುವ ಮಾರ್ಗ ಹಿಡಿದರು. ಲೆಕ್ಕಪತ್ರದವರು ಒಪ್ಪಲು ಸಮಯ ಬೇಕಾಯಿತು. ಹಾಳಾದ ಮೊದಲ ಸರಕಿನ ಬಿಲ್ ಪಕ್ಕದಲ್ಲಿ ಇಟ್ಟ ಮೇಲೆ ಒಪ್ಪಿದರು. ಪೆಟ್ಟಿಗೆಯನ್ನು ಹಡಗಿನ ಡೆಕ್ಕಿನ ಕೆಳಗೆ ಇಡಿ ಎಂದೂ ಕೇಳಿದರು. ಪ್ರಯತ್ನಿಸುತ್ತೇವೆ, ಖಾತ್ರಿ ಕೊಡುವುದಿಲ್ಲ ಎಂದಿತು ಹಡಗು ಕಂಪನಿ. ಎಲ್ಲಿ ಕೇಳಿದರೂ ಬರುವ ಉತ್ತರ ಇದೇ.

ಕಾಗದದ ಕೆಲಸದ ಕ್ರಮವೂ ಬದಲಾಯಿತು. ಲೇಬಲ್ಲಿನ ಪದಾರ್ಥ ಪಟ್ಟಿಯನ್ನು ಆಮದುದಾರರು ಮುದ್ರಣಕ್ಕೆ ಮುಂಚೆಯೇ ನೋಡಿ ಒಪ್ಪಬೇಕು. ಪ್ರಮಾಣಪತ್ರದ ಕರಡನ್ನು ಆ ಪಟ್ಟಿಯ ಜೊತೆ ಸಾಲಿಗೆ ಸಾಲು ಹೋಲಿಸಬೇಕು. ಹಾಗಾಗದೆ ಕಂಟೇನರ್ ಬುಕ್ ಮಾಡುವಂತಿಲ್ಲ. ಗಡುವುಗಳು ದೇಶದಿಂದ ದೇಶಕ್ಕೆ ಬೇರೆ. ಉದಾಹರಣೆಗೆ ಹಡಗಿನಲ್ಲಿ ಅಮೆರಿಕಕ್ಕೆ ಹೋಗುವ ಆಹಾರದ ಬಗ್ಗೆ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಸರಕು ತಲುಪುವ ಕನಿಷ್ಠ 8 ಗಂಟೆ ಮೊದಲು ಪೂರ್ವಸೂಚನೆ ಹೋಗಿರಬೇಕು. ಇಂಥವನ್ನೆಲ್ಲ ಫಾರ್ವರ್ಡರ್ ನೋಡಿಕೊಳ್ತಾರೆ ಅಂತ ಬಿಡುವುದೇ ಹೆಚ್ಚು. ಲೇಬಲ್ಲಿನಲ್ಲಿ ಹಾಲಿನ ಪುಡಿ ಇದೆ ಎಂದು ಫಾರ್ವರ್ಡರಿಗೆ ಹೇಗೆ ತಿಳಿಯಬೇಕು?

ಬಾಳಿಕೆಯ ವಿಷಯದಲ್ಲೂ ಒಪ್ಪಂದ ಬದಲಾಯಿತು. ಸರಕು ತಲುಪಿದಾಗ ಮೂರನೇ ಎರಡು ಭಾಗ ಅವಧಿ ಉಳಿದಿರಬೇಕು ಎಂಬುದು ವಿತರಕರ ಹಳೆಯ ಷರತ್ತು. 2023ರ ಕೊನೆಯಿಂದ ಕೆಂಪು ಸಮುದ್ರದ ಅಪಾಯ ತಪ್ಪಿಸಲು ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದಾಗ, ಏಷ್ಯಾ-ಯುರೋಪ್ ದಾರಿಗೆ ಹೆಚ್ಚು ಕಡಿಮೆ ಹತ್ತರಿಂದ ಹದಿನಾಲ್ಕು ದಿನ ಸೇರಿದ್ದನ್ನು ಇಬ್ಬರೂ ಕಂಡಿದ್ದರು. ಹಾಗಾಗಿ ಕಂಪನಿ ರಫ್ತಿನ ಲಾಟನ್ನು ಗೋದಾಮಿನಲ್ಲಿ ಇಡದೆ, ತಯಾರಾದ ವಾರದಲ್ಲೇ ತುಂಬಲು ಒಪ್ಪಿತು. ವಿತರಕರು, ದಾರಿ ಬದಲಾಗಿ ತಡವಾದರೆ ಷರತ್ತನ್ನು ಅರ್ಧಕ್ಕೆ ಇಳಿಸಲು ಒಪ್ಪಿದರು. ಮಾರಾಟದ ಷರತ್ತು ಸಿಐಪಿ ಆಯಿತು. ಸೀಲ್ ಹಾಕುವ ಮುಂಚೆ ನೆಲ, ಪ್ಯಾಲೆಟ್, ಮೀಟರಿನ ಅಂಕಿ, ಎಲ್ಲದರ ಫೋಟೋ ವಿತರಕರಿಗೂ ವಿಮೆಯವರಿಗೂ ಹೋಗುತ್ತದೆ.

ಜಾಮ್ ಬಾಟಲಿಯ ಮುಚ್ಚಳದ ಅಂಚಿನಲ್ಲಿ ಆಗೊಮ್ಮೆ ಈಗೊಮ್ಮೆ ತುಕ್ಕಿನ ಚುಕ್ಕಿ ಈಗಲೂ ಕಾಣುತ್ತದೆ. ಪೆಟ್ಟಿಗೆ ಒಣಗಿದ್ದಾಗಲೂ ಬಂದದ್ದರಿಂದ ಅನುಮಾನ ಈಗ ಬೇರೆ ಕಡೆ ತಿರುಗಿದೆ: ಬಾಟಲಿ ತುಂಬಿ ತಣಿಸಿದ ಮೇಲೆ ಮುಚ್ಚಳದಡಿ ಉಳಿಯುವ ನೀರನ್ನು ಗಾಳಿ ಹಾಯಿಸಿ ಪೂರ್ತಿ ಒಣಗಿಸದೆಯೇ ಡಬ್ಬಕ್ಕೆ ಹಾಕುತ್ತಿದ್ದಾರೆ. ಒಣಗಿಸುವ ಬ್ಲೋಯರ್‌ಗೆ ಆರ್ಡರ್ ಹೋಗಿದೆ. ಅದು ಬಂದು ಕೂರುವವರೆಗೆ ಜಾಮನ್ನು ಹಡಗಿಗೆ ಹಾಕುತ್ತಿಲ್ಲ.